ಅರವಟ್ಟಿಗೆ ಇಟ್ಟವರಿಗೆ ಒಂದು ವರ್ಷ ಸಜೆ

ರಾಮನವಮಿಯಂದು ಬೀದಿ ಬದಿಯಲ್ಲಿ ಪೆಂಡಾಲು ಹಾಕಿ ಪಾನಕ, ನೀರುಮಜ್ಜಿಗೆ ಹಂಚುವ ಪುಣ್ಯಾತ್ಮರೆಲ್ಲ ಒಬ್ಬ ಒಳ್ಳೆಯ ವಕೀಲರನ್ನು ಗೊತ್ತುಮಾಡಿಕೊಳ್ಳುವುದು ಕ್ಷೇಮ. ಅಂದರೆ, ಅವರಿಗೆ ಅಮೆರಿಕದ ಜಾರ್ಜಿಯಾ ರಾಜ್ಯದ ಮತಗಟ್ಟೆಯೆದುರು ಅರವಟ್ಟಿಗೆ ಇಡುವ ಆಲೋಚನೆಯೇನಾದರೂ ಇದ್ದರೆ. 2021ರ ಮಾರ್ಚ್ 25ರಂದು ಅಲ್ಲಿನ ಗವರ್ನರ್ ಬ್ರಯನ್ ಕೆಂಪ್ ಸಹಿ ಹಾಕಿದ ‘ಎಸ್‌ಬಿ 202’ ಕಾಯ್ದೆಯ ಪ್ರಕಾರ, ಮತಗಟ್ಟೆಯಿಂದ 150 ಅಡಿಯೊಳಗೆ ಸರದಿಯಲ್ಲಿ ನಿಂತವರಿಗೆ ಹೊರಗಿನವರು ತಿನ್ನಲು, ಕುಡಿಯಲು ಏನಾದರೂ ಕೊಟ್ಟರೆ ಅಪರಾಧ. ಒಂದು ವರ್ಷದವರೆಗೆ ಜೈಲು, ಸಾವಿರ ಡಾಲರ್‌ವರೆಗೆ ದಂಡ.

ಸರದಿಯಲ್ಲಿ ನಿಂತ ಯಾವುದೇ ಮನುಷ್ಯನಿಂದ 25 ಅಡಿಯೊಳಗೆ ಕೊಡಬಾರದು ಎಂಬ ಇನ್ನೊಂದು ಲಕ್ಷ್ಮಣರೇಖೆಯೂ ಅದರಲ್ಲಿತ್ತು. 2023ರಲ್ಲಿ ನ್ಯಾಯಾಧೀಶರೊಬ್ಬರು ಅದಕ್ಕೆ ತಡೆ ಕೊಟ್ಟರು. ಹೀಗಾಗಿ 151ನೆಯ ಅಡಿಯಲ್ಲಿ ನಿಂತವನಿಗೆ ನೀರು ಕೊಡಬಹುದು. ಕುಡಿಯುತ್ತಿರುವಾಗಲೇ ಸರದಿ ಎರಡು ಹೆಜ್ಜೆ ಮುಂದೆ ಸರಿದರೆ ಬಾಟಲಿ ಕಸಿದುಕೊಳ್ಳಬೇಕೇ ಎಂಬುದನ್ನು ಕಾನೂನು ಪಂಡಿತರೇ ಹೇಳಬೇಕು.

ಮತದಾರರಿಗೆ ಆಮಿಷ ಒಡ್ಡಬಾರದು ಎಂಬುದು ಇದಕ್ಕೆ ಕೊಟ್ಟ ಕಾರಣ. ಕೇಳಿ ನನಗೆ ಮೈಯೆಲ್ಲ ಪುಳಕವಾಯಿತು. ನಮ್ಮಲ್ಲಿ ಸೀರೆ, ಕುಕ್ಕರ್, ಬಾಡೂಟ, ಧರ್ಮಸ್ಥಳ ಯಾತ್ರೆ ಎಲ್ಲವನ್ನೂ ಕೊಟ್ಟ ಮೇಲೂ ಮತ ಯಾರಿಗೆ ಬಿತ್ತೆಂದು ತಿಳಿಯದೆ ಅಭ್ಯರ್ಥಿಗಳು ರಾತ್ರಿಯಿಡೀ ನಿದ್ದೆಗೆಡುತ್ತಾರೆ. ಅಲ್ಲಿ ಅರ್ಧ ಲೀಟರ್ ನೀರಿಗೆ ಜನ ಪಕ್ಷ ಬದಲಿಸುತ್ತಾರೆ! ಇಷ್ಟು ಅಗ್ಗದ ಮತದಾರರನ್ನು ಕಂಡರೆ ನಮ್ಮ ಎಷ್ಟೋ ಮುಖಂಡರು ಕಣ್ಣೀರು ಹಾಕಿಯಾರು. ಆದರೆ ಜನ ಬಾಯಾರುವಷ್ಟು ಹೊತ್ತು ಏಕೆ ನಿಲ್ಲಬೇಕು ಎಂದು ಮಾತ್ರ ಕೇಳಬಾರದು. 2020ರಲ್ಲಿ ಅದೇ ರಾಜ್ಯದಲ್ಲಿ ಜನ ಬೆಳಗಿನಿಂದ ನಿಂತು ಕತ್ತಲಾಗುವ ಹೊತ್ತಿಗೆ ಮತ ಹಾಕಿದ ಉದಾಹರಣೆಗಳಿವೆ. ಅಂಥ ಉದ್ದನೆಯ ಸರದಿಗಳು ಯಾವ ಬಣ್ಣದವರ ಬಡಾವಣೆಗಳಲ್ಲಿ ಹೆಚ್ಚು ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಆ ಸಹಿಯ ಫೋಟೊ ನೋಡಿದ್ದೀರಲ್ಲ? ಮೇಜಿನ ಮುಂದೆ ಕೆಂಪ್, ಅವರ ಬೆನ್ನಿಗೆ ಸೂಟು ತೊಟ್ಟ ಆರು ಮಂದಿ ಬಿಳಿಯ ಗಂಡಸರು, ಅವರೆಲ್ಲರ ಹಿಂದೆ ಗೋಡೆಯ ಮೇಲೆ ಒಂದು ವರ್ಣಚಿತ್ರ. ಒಂದು ಕಾಲಕ್ಕೆ ಗುಲಾಮರನ್ನು ದುಡಿಸಿಕೊಂಡ ಕ್ಯಾಲವೇ ಎಸ್ಟೇಟಿನ ಚಿತ್ರ. ಹೊರಗೆ ಮುಚ್ಚಿದ ಬಾಗಿಲನ್ನು ತಟ್ಟಿದವರು ಪಾರ್ಕ್ ಕ್ಯಾನನ್ ಎಂಬ ಕಪ್ಪು ಶಾಸಕಿ. ಬಾಗಿಲು ತಟ್ಟಿದ್ದಕ್ಕೆ ಅವರನ್ನು ಪೊಲೀಸರು ಕೈಕೋಳ ತೊಡಿಸಿ ಎಳೆದೊಯ್ದರು. ಆಮೇಲೆ ಮೊಕದ್ದಮೆ ಕೈಬಿಟ್ಟರೆನ್ನಿ. ವಿಡಂಬನೆ ಬರೆದು ಹೊಟ್ಟೆ ಹೊರೆಯುವ ನನ್ನಂಥವನಿಗೆ ಕೆಲವರು ಕೆಲಸವನ್ನೇ ಉಳಿಸುವುದಿಲ್ಲ.

ಗವರ್ನರ್ ಎಂದೊಡನೆ ರಾಜಭವನದ ಹುಲ್ಲುಹಾಸು ನೆನಪಾದರೆ ಅದನ್ನು ಪಕ್ಕಕ್ಕಿಡಿ. ನಮ್ಮವರು ದೆಹಲಿಯಿಂದ ಬರುತ್ತಾರೆ, ಮಸೂದೆಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕುತ್ತಾರೆ. ಅಲ್ಲಿನವರು ಜನರಿಂದ ಆಯ್ಕೆಯಾದವರು, ನಮ್ಮ ಮುಖ್ಯಮಂತ್ರಿಯ ಸ್ಥಾನದಲ್ಲಿರುವವರು. ಒಂದು ವ್ಯತ್ಯಾಸವೆಂದರೆ ನಮ್ಮ ಮುಖ್ಯಮಂತ್ರಿಗೆ ಮತದಾರರ ಪಟ್ಟಿಯನ್ನು ಮುಟ್ಟುವ ಅಧಿಕಾರವಿಲ್ಲ. ಅಮೆರಿಕದಲ್ಲಿ ಇಡೀ ದೇಶದ ಚುನಾವಣೆ ನಡೆಸುವ ಆಯೋಗ ಎಂಬುದೇ ಇಲ್ಲ. ಅಧ್ಯಕ್ಷರ ಚುನಾವಣೆಯೂ ಸೇರಿದಂತೆ ಎಲ್ಲವನ್ನೂ ನಡೆಸುವುದು ರಾಜ್ಯಗಳು. ಯಾರು ಮತ ಹಾಕಬಹುದು, ಎಲ್ಲಿ, ಯಾವ ಚೀಟಿ ತೋರಿಸಿ, ಎಷ್ಟು ಗಂಟೆಯವರೆಗೆ ಎಂಬ ಮಸೂದೆಗಳೆಲ್ಲ ಕೊನೆಗೆ ಬಂದು ಬೀಳುವುದು ಗವರ್ನರ್ ಮೇಜಿಗೆ. 2026ರ ನವೆಂಬರ್ 3ರಂದು 36 ರಾಜ್ಯಗಳಲ್ಲಿ ಅಂಥ ಮೇಜುಗಳಿಗೆ ಚುನಾವಣೆ. ನಮ್ಮ ಟಿ.ವಿ.ಗಳು ಅಧ್ಯಕ್ಷರ ಕೇಶಾಲಂಕಾರ ತೋರಿಸುತ್ತಿವೆ.

ಕೆಂಪ್ ಅವರ ಕಥೆ ಇನ್ನೂ ಸೊಗಸಾಗಿದೆ. 2018ರಲ್ಲಿ ಅವರು ಗವರ್ನರ್ ಹುದ್ದೆಯ ಅಭ್ಯರ್ಥಿ. ಅದೇ ಹೊತ್ತಿಗೆ ರಾಜ್ಯದ ಚುನಾವಣೆಗಳ ಉಸ್ತುವಾರಿ ಹೊತ್ತ ಕಾರ್ಯದರ್ಶಿಯೂ ಅವರೇ. ರಾಜೀನಾಮೆ ಕೊಡಿ ಎಂದರೆ, ಏಕೆ ಎಂದರು. ಬೇಲಿಯೇ ಹೊಲ ಮೇಯಿತೆಂದು ನಾನು ಹೇಳುತ್ತಿಲ್ಲ. ಬೇಲಿಗೂ ಚುನಾವಣೆಗೆ ನಿಲ್ಲುವ ಹಕ್ಕಿದೆ ಎನ್ನುತ್ತಿದ್ದೇನೆ, ಅಷ್ಟೇ. ಸುಮಾರು 53,000 ನೋಂದಣಿ ಅರ್ಜಿಗಳು ಅವರ ಕಚೇರಿಯಲ್ಲಿ ‘ಪರಿಶೀಲನೆಯಲ್ಲಿದೆ’ ಎಂದು ಕೂತಿದ್ದವು. ಹತ್ತರಲ್ಲಿ ಏಳರಷ್ಟು ಕಪ್ಪು ಜನರವು. ಕೆಂಪ್ ಅವರು ಡೆಮಾಕ್ರಟಿಕ್ ಪಕ್ಷದ ಕಪ್ಪು ಅಭ್ಯರ್ಥಿ ಸ್ಟೇಸಿ ಏಬ್ರಮ್ಸ್ ವಿರುದ್ಧ ಗೆದ್ದ ಅಂತರ ಸುಮಾರು 55,000. ಕೂತ ಅರ್ಜಿದಾರರು ಗುರುತಿನ ಚೀಟಿ ತೋರಿಸಿ ಮತ ಹಾಕಬಹುದಿತ್ತು, ಎಲ್ಲರೂ ಏಬ್ರಮ್ಸ್ ಅವರಿಗೇ ಹಾಕುತ್ತಿದ್ದರೆಂದೂ ಅಲ್ಲ. ಅದು ನನಗೂ ಗೊತ್ತು. ಅರ್ಜಿಗಳು ಕೂತದ್ದೇಕೆ ಎಂಬುದು ಮಜಾ. ಅರ್ಜಿಯಲ್ಲಿರುವ ಹೆಸರು ಸರ್ಕಾರಿ ಕಡತದ ಹೆಸರಿನೊಂದಿಗೆ ಅಕ್ಷರಶಃ ತಾಳೆಯಾಗಬೇಕು. ಒಂದು ಅಕ್ಷರ ಹೆಚ್ಚುಕಡಿಮೆಯಾದರೂ, ಒಂದು ಅಡ್ಡಗೆರೆ ತಪ್ಪಿದರೂ ಅರ್ಜಿ ಮೂಲೆಗೆ.

ಇದನ್ನು ಓದಿದಾಗ ಅಟ್ಲಾಂಟಾದ ಸುತ್ತಮುತ್ತ ನೆಲೆಸಿರುವ ನಮ್ಮ ಕನ್ನಡಿಗರ ಪಾಡು ಕಣ್ಣಿಗೆ ಕಟ್ಟಿತು. ಒಬ್ಬ ಎಚ್.ಎನ್. ವೆಂಕಟಸುಬ್ಬರಾವ್ ಎಂದಿಟ್ಟುಕೊಳ್ಳಿ. ಪಾಸ್‌ಪೋರ್ಟಿನಲ್ಲಿ ಮೊದಲ ಹೆಸರು ಹೊಳೆನರಸೀಪುರ. ಚಾಲನಾ ಪರವಾನಗಿಯಲ್ಲಿ ನಾರಾಯಣರಾವ್, ಅಂದರೆ ಅವರಪ್ಪ. ಕಚೇರಿಯಲ್ಲಿ ವೆಂಕಿ. ಈ ಮೂವರೂ ಒಬ್ಬರೇ ಎಂದು ಜಾರ್ಜಿಯಾದ ಗುಮಾಸ್ತರಿಗೆ ಒಪ್ಪಿಸುವುದಕ್ಕಿಂತ ಹೊಳೆನರಸೀಪುರಕ್ಕೆ ಬಂದು ಪುರಸಭೆಗೆ ನಿಲ್ಲುವುದೇ ಸಲೀಸು.

ಅಡ್ಡಗೆರೆಯ ಮಾತು ಬಂದದ್ದರಿಂದ ವಿಸ್ಕಾನ್ಸಿನ್‌ಗೆ ಹೋಗಿಬರೋಣ; ದಾರಿ ತಪ್ಪಿದರೂ ಚಿಂತೆಯಿಲ್ಲ. ಅಲ್ಲಿನ ಗವರ್ನರ್‌ಗೆ ಹಣಕಾಸಿನ ಮಸೂದೆಗಳಲ್ಲಿ ಬೇಡವಾದ ತುಣುಕನ್ನಷ್ಟೇ ಹೊಡೆದುಹಾಕುವ ಅಧಿಕಾರವಿದೆ. ಹಿಂದಿನವರು ಒಂದೊಂದೇ ಅಕ್ಷರ ಹೊಡೆದು ಹೊಸ ಪದಗಳನ್ನೇ ಹುಟ್ಟಿಸುತ್ತಿದ್ದರು. ಜನ ಸಂವಿಧಾನ ತಿದ್ದಿ ಅದನ್ನು ನಿಲ್ಲಿಸಿದರು. ಮುಂದಿನವರು ಎರಡು ವಾಕ್ಯಗಳ ತುಂಡು ಸೇರಿಸಿ ಮೂರನೆಯ ವಾಕ್ಯ ಮಾಡಿದರು. ಜನ ಮತ್ತೊಮ್ಮೆ ತಿದ್ದಿದರು. ಅಂಕಿಗಳನ್ನು ಹೊಡೆಯಬಾರದೆಂದು ಬರೆಯುವುದು ಮರೆತುಹೋಯಿತು. 2023ರ ಜುಲೈನಲ್ಲಿ ಗವರ್ನರ್ ಟೋನಿ ಎವರ್ಸ್ ಶಾಲೆಗಳ ಅನುದಾನದ ಕಲಮಿನಲ್ಲಿದ್ದ ‘2024-25’ರಲ್ಲಿ ಒಂದು 20, ಒಂದು ಅಡ್ಡಗೆರೆ ಅಳಿಸಿದರು. ಉಳಿದದ್ದು 2425. ಎರಡು ವರ್ಷಕ್ಕೆಂದು ಶಾಸಕರು ಕೊಟ್ಟ ಏರಿಕೆ ನಾನೂರು ವರ್ಷ ನಡೆಯುವಂತಾಯಿತು. ರಾಜ್ಯದ ಸುಪ್ರೀಂ ಕೋರ್ಟು 2025ರಲ್ಲಿ ನಾಲ್ಕು–ಮೂರರ ಬಹುಮತದಿಂದ ಸರಿ ಎಂದಿತು. ನಮ್ಮ ಪಹಣಿಗಳಲ್ಲಿ ಗುಂಟೆಯನ್ನು ಎಕರೆ ಮಾಡಿದ ಮಹನೀಯರು ಈ ವಿದ್ಯೆಗೆ ತಲೆಬಾಗಬೇಕು. 2425ರ ಹೊತ್ತಿಗೆ ಬೆಂಗಳೂರು ಮೆಟ್ರೊದ ಎಲ್ಲ ಮಾರ್ಗಗಳೂ ಪೂರ್ಣಗೊಂಡಿರುತ್ತವೆ ಎಂಬುದು ನನ್ನ ವೈಯಕ್ತಿಕ ನಂಬಿಕೆ.

ತಮಾಷೆ ಹಾಗಿರಲಿ. ಅದೇ ವಿಸ್ಕಾನ್ಸಿನ್‌ನಲ್ಲಿ 2018ರಲ್ಲಿ ಡೆಮಾಕ್ರಟರಿಗೆ ವಿಧಾನಸಭೆಯ ಒಟ್ಟು ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಿತ್ತು. ಸಿಕ್ಕ ಸ್ಥಾನ 99ರಲ್ಲಿ 36. ಕ್ಷೇತ್ರಗಳ ಗಡಿಯನ್ನು ಅಷ್ಟು ನಾಜೂಕಾಗಿ ಕತ್ತರಿಸಿದ್ದರು. ಆದರೆ ಗವರ್ನರ್ ಚುನಾವಣೆಗೆ ಇಡೀ ರಾಜ್ಯವೇ ಒಂದು ಕ್ಷೇತ್ರ, ಅಲ್ಲಿ ಕತ್ತರಿ ನಡೆಯದು. ಡೆಮಾಕ್ರಟಿಕ್ ಪಕ್ಷದ ಎವರ್ಸ್ ಸುಮಾರು 29,000 ಮತಗಳಿಂದ ಗೆದ್ದರು. ಸೋತ ಸ್ಕಾಟ್ ವಾಕರ್ ಹೋಗುವ ಮುನ್ನ, ಬರುವವರ ಅಧಿಕಾರ ಮೊಟಕುಗೊಳಿಸುವ ಮಸೂದೆಗಳಿಗೆ ಸಹಿ ಹಾಕಿ ಹೋದರು. ಮುಂಚಿತ ಮತದಾನವನ್ನು ಎರಡು ವಾರಕ್ಕೆ ಇಳಿಸುವುದೂ ಅದರಲ್ಲಿತ್ತು. 2019ರಲ್ಲಿ ನ್ಯಾಯಾಲಯ ಅದನ್ನು ತಡೆಯಿತು, 2020ರಲ್ಲಿ ಮೇಲಿನ ನ್ಯಾಯಾಲಯ ಆ ತಡೆಯನ್ನು ತೆಗೆಯಿತು. ಆಮೇಲಿನ ವರ್ಷಗಳಲ್ಲಿ ಮತದಾನವನ್ನು ಬಿಗಿಗೊಳಿಸುವ ಮಸೂದೆಗಳು ಸಾಲುಸಾಲಾಗಿ ಬಂದವು, ಎವರ್ಸ್ ಸಾಲುಸಾಲಾಗಿ ತಿರಸ್ಕರಿಸಿದರು. ಆ 29,000 ಮತ ಇತ್ತ ಬೀಳದೆ ಅತ್ತ ಬಿದ್ದಿದ್ದರೆ ಅವೆಲ್ಲ ಇಂದು ಕಾನೂನು.

ಟೆಕ್ಸಸ್‌ನಲ್ಲಿ ಮತ ಹಾಕಲು ಬಂದೂಕಿನ ಪರವಾನಗಿ ತೋರಿಸಬಹುದು. ರಾಜ್ಯದ ವಿಶ್ವವಿದ್ಯಾಲಯವೇ ಕೊಟ್ಟ ವಿದ್ಯಾರ್ಥಿ ಗುರುತಿನ ಚೀಟಿ ನಡೆಯದು. 2011ರಲ್ಲಿ ಗವರ್ನರ್ ರಿಕ್ ಪೆರಿ ಸಹಿ ಹಾಕಿದ ಕಾನೂನಿನ ಫಲ. ಓದು ಬರಹ ಬಲ್ಲವರಿಂದ ಅಪಾಯ ಹೆಚ್ಚೆಂದು ಅವರಿಗೆ ಅನುಭವದಿಂದ ತಿಳಿದಿರಬೇಕು. ಅವರ ನಂತರ ಬಂದ ಗ್ರೆಗ್ ಆ್ಯಬಟ್ ಇನ್ನೂ ಸಮಾನತಾವಾದಿ. ಕೋವಿಡ್ ಕಾಲದ 2020ರ ಅಕ್ಟೋಬರ್‌ನಲ್ಲಿ, ತುಂಬಿದ ಅಂಚೆ ಮತಪತ್ರ ತಂದುಕೊಡಲು ಕೌಂಟಿಗೊಂದೇ ಜಾಗ, ಅಂದರೆ ನಮ್ಮ ಲೆಕ್ಕದಲ್ಲಿ ಜಿಲ್ಲೆಗೊಂದೇ ಜಾಗ, ಎಂದು ಆಜ್ಞೆ ಹೊರಡಿಸಿದರು. ಹ್ಯೂಸ್ಟನ್ ಇರುವ ಹ್ಯಾರಿಸ್ ಕೌಂಟಿಯಲ್ಲಿ ಸುಮಾರು 47 ಲಕ್ಷ ಜನ: ಒಂದು ಜಾಗ. ಲವಿಂಗ್ ಕೌಂಟಿಯಲ್ಲಿ 2020ರ ಜನಗಣತಿಯ ಪ್ರಕಾರ 64 ಜನ: ಒಂದು ಜಾಗ. ತಾರತಮ್ಯ ಎಂದು ಯಾರಾದರೂ ಬಾಯಿ ಬಿಟ್ಟಾರೆಯೇ? ನಾವು ನೋಡಿ, ಗಿರ್ ಕಾಡಿನ ಬಾಣೇಜ್‌ನಲ್ಲಿ ಒಬ್ಬನೇ ಒಬ್ಬ ಮತದಾರನಿಗಾಗಿ ಸಿಬ್ಬಂದಿ, ಯಂತ್ರ, ಶಾಯಿ ಹೊತ್ತು ಸಿಂಹಗಳ ನಡುವೆ ಹೋಗಿ ಮತಗಟ್ಟೆ ತೆರೆಯುವ ದುಂದುಗಾರರು. ಆ ಶಾಯಿ ಮೈಸೂರಿನದು ಎಂಬುದು ನನ್ನ ಸಣ್ಣ ಹೆಮ್ಮೆ.

ಹೆಮ್ಮೆ ಅಲ್ಲಿಗೇ ಸಾಕು. ನಮ್ಮ ಚುನಾವಣಾ ಆಯುಕ್ತರನ್ನು ಆರಿಸುವ ಮೂವರ ಸಮಿತಿಯಲ್ಲಿ ಪ್ರಧಾನಿ ಒಬ್ಬರು, ಪ್ರಧಾನಿ ಹೆಸರಿಸಿದ ಸಚಿವರು ಇನ್ನೊಬ್ಬರು. ಮೂರನೆಯವರಾದ ವಿರೋಧ ಪಕ್ಷದ ನಾಯಕರು ಚಹಾ ಕುಡಿದು ಭಿನ್ನಮತ ಬರೆದು ಬರಬಹುದು. ಅಮೆರಿಕದವರನ್ನು ನೋಡಿ ನಗುವ ನೈತಿಕ ಹಕ್ಕು ನಮಗೆ ಎಷ್ಟಿದೆಯೋ ಅಷ್ಟನ್ನೇ ಬಳಸುತ್ತಿದ್ದೇನೆ.

ಗವರ್ನರ್ ಹುದ್ದೆಯ ಬೆಲೆ ಅರಿತ ನಮ್ಮ ಕಡೆಯವರೂ ಒಬ್ಬರಿದ್ದಾರೆ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2018ರಲ್ಲಿ ಮಿಷಿಗನ್ ಗವರ್ನರ್ ಆಗಲು ಹೊರಟು, ಸ್ವಂತದ ಒಂದು ಕೋಟಿ ಡಾಲರ್‌ಗೂ ಮಿಕ್ಕಿ ಸುರಿದು, ಪಕ್ಷದೊಳಗಿನ ಸ್ಪರ್ಧೆಯಲ್ಲೇ ಮೂರನೆಯವರಾದರು. ಆ ಹಣದಲ್ಲಿ ನಮ್ಮಲ್ಲಿ ಎಷ್ಟು ಶಾಸಕರು ರೆಸಾರ್ಟಿಗೆ ಹೋಗಿಬರಬಹುದಿತ್ತು ಎಂದು ಲೆಕ್ಕ ಹಾಕುವ ದುರಭ್ಯಾಸ ನನಗಿದೆ. ಅವರು 2022ರಲ್ಲಿ ಡೆಟ್ರಾಯಿಟ್‌ನಿಂದ ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ಗೆ ಆಯ್ಕೆಯಾದರು ಬಿಡಿ.

ಕೆಲವೊಮ್ಮೆ ಮರ್ಯಾದೆ ಉಳಿಯುವುದು ಫೋನು ಎತ್ತದೇ ಇರುವುದರಿಂದ. 2020ರ ನವೆಂಬರ್ 30, ಅರಿಜೋನಾ. 10,457 ಮತಗಳಿಂದ ಬೈಡನ್ ಗೆದ್ದ ಫಲಿತಾಂಶದ ಕಾಗದಗಳಿಗೆ ಗವರ್ನರ್ ಡಗ್ ಡೂಸಿ ಸಹಿ ಹಾಕುತ್ತಿದ್ದಾರೆ. ಕ್ಯಾಮೆರಾಗಳು ನೋಡುತ್ತಿವೆ. ಕೋಟಿನ ಜೇಬಿನಿಂದ ಫೋನು ಹಾಡತೊಡಗುತ್ತದೆ. ಅಧ್ಯಕ್ಷರು ಸಭೆಗೆ ಬರುವಾಗ ಬ್ಯಾಂಡಿನವರು ನುಡಿಸುವ ಅದೇ ರಾಗ, ಶ್ವೇತಭವನದ ಕರೆ ತಪ್ಪಿಹೋಗದಿರಲೆಂದು ಅವರೇ ಇಟ್ಟುಕೊಂಡದ್ದು. ಡೂಸಿ ಟ್ರಂಪ್ ಪಕ್ಷದವರು. ಫೋನು ತೆಗೆದು, ನೋಡಿ, ಸದ್ದಡಗಿಸಿ ಪಕ್ಕಕ್ಕಿಟ್ಟು ಮುಂದಿನ ಕಾಗದಕ್ಕೆ ಸಹಿ ಹಾಕಿದರು. ನೀರಿಗೆ ಬೇಲಿ ಹಾಕಿದ ಅದೇ ಕೆಂಪ್ ಕೂಡ ಆ ವರ್ಷ ಫಲಿತಾಂಶ ತಿರುಗಿಸಿ ಎಂಬ ಟ್ರಂಪ್ ಒತ್ತಡಕ್ಕೆ ಬಗ್ಗಲಿಲ್ಲ, ಅದನ್ನೂ ಹೇಳಬೇಕು. ಎರಡು ವರ್ಷದ ನಂತರ ಪೆನ್ಸಿಲ್ವೇನಿಯಾದಲ್ಲಿ ಡಗ್ ಮ್ಯಾಸ್ಟ್ರಿಯಾನೊ ಎಂಬ ಅಭ್ಯರ್ಥಿ, ಗೆದ್ದರೆ ಲೇಖನಿಯ ಒಂದೇ ಗೀಟಿಗೆ ರಾಜ್ಯದ ಮತಯಂತ್ರಗಳ ಮಾನ್ಯತೆಯನ್ನೇ ರದ್ದು ಮಾಡಬಲ್ಲೆ ಎಂದು ಊರೂರು ಹೇಳಿಕೊಂಡು ತಿರುಗಿದರು. ಸೋತರು. ಅವರು ಗೆದ್ದು, ಅವರ ಜೇಬಿನಲ್ಲಿ ಆ ರಾಗ ಮೊಳಗಿದ್ದರೆ?

ಇಲ್ಲಿಂದ ಮುಂದೆ ನಗು ಬರುವುದು ಕಷ್ಟ. ಫ್ಲಾರಿಡಾದಲ್ಲಿ ಶಿಕ್ಷೆ ಮುಗಿಸಿ ಬಂದವರೂ ಮತದ ಹಕ್ಕಿಗಾಗಿ ಗವರ್ನರ್ ಮುಂದೆ ಕೈಕಟ್ಟಿ ನಿಲ್ಲಬೇಕಿತ್ತು. ರಿಕ್ ಸ್ಕಾಟ್ ಗವರ್ನರ್ ಆಗಿದ್ದಾಗ ಹಾಗೆ ನಿಂತ ಒಬ್ಬನ ಮೇಲೆ, ಹಕ್ಕಿಲ್ಲದಿದ್ದರೂ 2010ರಲ್ಲಿ ಮತ ಹಾಕಿದ ಆರೋಪವಿತ್ತು. ಕೇಳಿದಾಗ ಆತ, ಹೌದು ಸ್ವಾಮಿ, ತಮಗೇ ಹಾಕಿದ್ದು ಎಂದ. ಗವರ್ನರ್ ನಕ್ಕರು. ಹಕ್ಕು ಮಂಜೂರಾಯಿತು. ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ. 2018ರಲ್ಲಿ ಒಕ್ಕೂಟದ ನ್ಯಾಯಾಧೀಶರು ತೀರ್ಪಿನಲ್ಲೇ ಬರೆದಿದ್ದಾರೆ. ಅದೇ ವರ್ಷ ರಾಜ್ಯದ ನೂರಕ್ಕೆ ಸುಮಾರು 65 ಮತದಾರರು ಸೇರಿ ಸಂವಿಧಾನ ತಿದ್ದಿ, 14 ಲಕ್ಷದಷ್ಟು ಮಂದಿಗೆ ಹಕ್ಕು ಮರಳಿಸಿದರು. ಮರುವರ್ಷ ಹೊಸ ಗವರ್ನರ್ ರಾನ್ ಡಿಸ್ಯಾಂಟಿಸ್, ಮೊದಲು ದಂಡದ ಬಾಕಿಯೆಲ್ಲ ಕಟ್ಟಿ ಎಂಬ ಕಾನೂನಿಗೆ ಸಹಿ ಹಾಕಿದರು. ಯಾರ ಬಾಕಿ ಎಷ್ಟು ಎಂಬ ಪಟ್ಟಿ ಸರ್ಕಾರದ ಬಳಿಯೇ ಇರಲಿಲ್ಲ. 2022ರ ಆಗಸ್ಟ್‌ನಲ್ಲಿ, ಹಕ್ಕಿಲ್ಲದೆ ಮತ ಹಾಕಿದರೆಂದು ಇಪ್ಪತ್ತು ಮಂದಿಯನ್ನು ಬಂಧಿಸಿದ್ದನ್ನು ಪತ್ರಿಕಾಗೋಷ್ಠಿ ಕರೆದು ಸಾರಿದರು. ಇವರ ಹಳೆಯ ಅಪರಾಧಗಳಿಗೆ ಆ ತಿದ್ದುಪಡಿ ಅನ್ವಯಿಸುವುದಿಲ್ಲ, ನಿಜ. ಆದರೆ ಅವರಿಗೆ ಮತದಾರರ ಚೀಟಿ ಕಳಿಸಿದ್ದು ಸರ್ಕಾರಿ ಕಚೇರಿಯೇ. ಪೊಲೀಸರ ಮೈಮೇಲಿನ ಕ್ಯಾಮೆರಾದ ದೃಶ್ಯಗಳಿವೆ. ಮನೆಯ ಮುಂದೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಸಿಕೊಂಡು ನಿಂತ ಒಬ್ಬಾತ ಕೇಳುತ್ತಾನೆ: ನನಗೆ ಹಕ್ಕಿಲ್ಲವಾದರೆ ಮತ ಹಾಕಲು ಬಿಟ್ಟದ್ದೇಕೆ? ಪೊಲೀಸನ ಬಳಿ ಉತ್ತರವಿಲ್ಲ. ಯಾರ ಬಳಿಯೂ ಇಲ್ಲ. ಇದು ಕ್ರೌರ್ಯ. ಇದಕ್ಕೆ ಬೇರೆ ಹೆಸರು ಹುಡುಕುವ ತಾಳ್ಮೆ ನನಗಿಲ್ಲ.

ಕೆಂಟಕಿಯಲ್ಲಿ ಇದು ಕೌಟುಂಬಿಕ ಧಾರಾವಾಹಿ. 2015ರ ನವೆಂಬರ್‌ನಲ್ಲಿ ನಿರ್ಗಮಿಸುತ್ತಿದ್ದ ಗವರ್ನರ್ ಸ್ಟೀವ್ ಬೆಶಿಯರ್, ಶಿಕ್ಷೆ ಮುಗಿಸಿದ ಸುಮಾರು 1.4 ಲಕ್ಷ ಜನರಿಗೆ ಹಕ್ಕು ಮರಳಿಸುವ ಆಜ್ಞೆ ಹೊರಡಿಸಿದರು. ಡಿಸೆಂಬರ್‌ನಲ್ಲಿ ಬಂದ ಮ್ಯಾಟ್ ಬೆವಿನ್ ಅದನ್ನು ರದ್ದು ಮಾಡಿದರು. ಹಕ್ಕು ಕೊಡುವುದು ಸರಿ, ಆದರೆ ಕೊಡುವ ವಿಧಾನ ಸರಿಯಿಲ್ಲ ಎಂದರು. ನಾಲ್ಕು ವರ್ಷ ಆ ಜನ ಕಾದರು. 2019ರಲ್ಲಿ ಸ್ಟೀವ್ ಅವರ ಮಗ ಆ್ಯಂಡಿ ಬೆಶಿಯರ್, ಸುಮಾರು ಐದು ಸಾವಿರ ಮತಗಳಿಂದ ಬೆವಿನ್ ಅವರನ್ನು ಸೋಲಿಸಿ, ಅಪ್ಪನ ಆಜ್ಞೆಯಂಥದ್ದನ್ನೇ ಮತ್ತೆ ಹೊರಡಿಸಿದರು. ಅದೂ ಆಜ್ಞೆಯೇ, ಕಾನೂನಲ್ಲ. ಮುಂದೆ ಬಂದು ಕೂರುವವರು ಬೇಕೆಂದರೆ ಮೊದಲ ವಾರದಲ್ಲೇ ಹರಿದುಹಾಕಬಹುದು. 2027ರ ನವೆಂಬರ್‌ನಲ್ಲಿ ಅಲ್ಲಿ ಮತ್ತೆ ಗವರ್ನರ್ ಚುನಾವಣೆ. ಎರಡು ಅವಧಿ ಮುಗಿಸಿದ ಆ್ಯಂಡಿ ನಿಲ್ಲುವಂತಿಲ್ಲ. ಆ ಲಕ್ಷಕ್ಕೂ ಮಿಕ್ಕ ಜನರಿಗೆ ಸದ್ಯಕ್ಕೆ ಆ ಚುನಾವಣೆಯಲ್ಲಿ ಮತ ಹಾಕಲು ಅಡ್ಡಿಯಿಲ್ಲ.