ಸ್ಪಷ್ಟನೆ: ಯಂತ್ರ ಬಂದ ದಿನವೇ ಪ್ರಯೋಗಾಲಯ ಶುರುವಾಗುವುದಿಲ್ಲ

ಭೂವಿಜ್ಞಾನದಲ್ಲಿ ಹೊಸದಾಗಿ ಸಹಾಯಕ ಪ್ರಾಧ್ಯಾಪಕರಾಗುವವರಿಗೆ ‘ಆರಂಭಿಕ ಅನುದಾನವನ್ನೆಲ್ಲ ಐಸಿಪಿ-ಎಂಎಸ್ ಯಂತ್ರಕ್ಕೆ (ಶಿಲೆಯಂಥ ಮಾದರಿಯಲ್ಲಿ ಯಾವ ಧಾತು ಎಷ್ಟಿದೆ ಎಂದು ಅಳೆಯುವ ಉಪಕರಣ) ಹಾಕಿ, ಮೊದಲ ಸೆಮಿಸ್ಟರಿನಲ್ಲೇ ದತ್ತಾಂಶ ಕೈಗೆ ಸಿಗುತ್ತದೆ’ ಎಂಬ ಸಲಹೆ ಹರಿದಾಡುತ್ತಿದೆ. ಇದು ತಪ್ಪು.

ಯಂತ್ರದ ಬೆಲೆ ಖರ್ಚಿನ ಒಂದು ಭಾಗ ಮಾತ್ರ. ಯಂತ್ರದೊಳಗಿನ ಪ್ಲಾಸ್ಮಾ (ಮಾದರಿಯನ್ನು ಅಯಾನುಗಳಾಗಿಸುವ ಅತಿ ಬಿಸಿಯಾದ ಅನಿಲ) ಉರಿಯುವಷ್ಟು ಹೊತ್ತೂ ನಿಮಿಷಕ್ಕೆ 15ರಿಂದ 20 ಲೀಟರ್ ಆರ್ಗಾನ್ ಬೇಕು. 7 ಘನ ಮೀಟರ್ ಅನಿಲದ ಸಿಲಿಂಡರ್ 6ರಿಂದ 8 ಗಂಟೆಯಲ್ಲಿ ಖಾಲಿಯಾಗುತ್ತದೆ. ಯಂತ್ರವನ್ನು ತಂಪಾಗಿಡುವ ಚಿಲ್ಲರ್, ಬಿಸಿಗಾಳಿ ಹೊರಹಾಕುವ ಕೊಳವೆ, ಏರಿಳಿತವಿಲ್ಲದ ವಿದ್ಯುತ್, ನಿರ್ವಹಣಾ ಒಪ್ಪಂದ ಬೇರೆ. ಶಿಲೆಯ ಪುಡಿ ಕರಗಿಸುವ ಹೈಡ್ರೋಫ್ಲೋರಿಕ್ ಆಮ್ಲ ಗಾಜನ್ನೇ ತಿನ್ನುತ್ತದೆ. ಹಾಗಾಗಿ ಟೆಫ್ಲಾನ್ ಪಾತ್ರೆ, ಆ ಆಮ್ಲಕ್ಕೆ ತಕ್ಕ ಫ್ಯೂಮ್ ಹುಡ್ (ವಿಷಕಾರಿ ಆವಿ ಹೊರಹಾಕುವ ಗೂಡು), ಆಮ್ಲ ಮೈಗೆ ತಾಗಿದರೆ ಹಚ್ಚಲು ಕೈಗೆಟುಕುವಲ್ಲಿ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಇರಲೇಬೇಕು. ಇದರಲ್ಲಿ ರಾಜಿ ಬೇಡವೇ ಬೇಡ.

ಹಲವರು ಎಡವುವುದು ಯಂತ್ರ ಇಡುವ ಕೋಣೆಯ ವಿಷಯದಲ್ಲಿ. ನವೀಕರಣದ ವೆಚ್ಚ ಯಾರದು, ಯಾವ ದಿನಾಂಕಕ್ಕೆ ಮುಗಿಯುತ್ತದೆ, ತಡವಾದರೆ ನೌಕರಿ ಕಾಯಂಗೊಳಿಸುವ ಪರಿಶೀಲನೆಯ ಗಡುವು ಮುಂದಕ್ಕೆ ಹೋಗುತ್ತದೆಯೇ ಎಂಬುದನ್ನು ನೇಮಕಾತಿ ಒಪ್ಪಂದಕ್ಕೆ ಸಹಿ ಹಾಕುವ ಮುನ್ನವೇ ಬರಹದಲ್ಲಿ ಪಡೆಯಿರಿ. ಸೇರಿದ ಮೇಲೆ ಕೇಳಿದರೆ ಮಾತಿಗೆ ಬಲವಿರುವುದಿಲ್ಲ.

ನಿಮ್ಮ ಪ್ರಯೋಗಾಲಯ ಸಿದ್ಧವಾಗುವವರೆಗೆ ಶುಲ್ಕ ಕೊಟ್ಟು ಬೇರೆ ಪ್ರಯೋಗಾಲಯದಲ್ಲಿ ಮಾದರಿಗಳನ್ನು ಅಳೆಸಿ. ಪ್ರತಿ ಸಲವೂ ಬಿಸಿಆರ್-2ರಂಥ, ಸಂಯೋಜನೆ ಮೊದಲೇ ಗೊತ್ತಿರುವ ಪ್ರಮಾಣಿತ ಶಿಲಾಪುಡಿಯನ್ನೂ ಶಿಲೆಯಿಲ್ಲದ ಬರೀ ಆಮ್ಲದ ದ್ರಾವಣವನ್ನೂ ಜೊತೆಗೆ ಕಳಿಸಿ. ಇಲ್ಲದಿದ್ದರೆ ಆ ಅಂಕಿಗಳನ್ನು ಮುಂದೆ ನಿಮ್ಮದೇ ಯಂತ್ರದ ಅಂಕಿಗಳೊಂದಿಗೆ ಹೋಲಿಸಲು ಆಧಾರವೇ ಇರದು.