ಆರಡಿ ಅಗೆದರೆ ಅಭಿವೃದ್ಧಿ, ಗೇಣುದ್ದ ಅಗೆದರೆ ಅಪರಾಧ

ಪಾರ್ಕಿನ ಗೇಟಿನ ಹತ್ತಿರ ಇರುವ ಆ ಬೋರ್ಡನ್ನು ನೀವೂ ನೋಡಿರುತ್ತೀರಿ. ‘ನೆಲ ಅಗೆಯಬಾರದು. ಮೆಟಲ್ ಡಿಟೆಕ್ಟರ್ ಬಳಸಬಾರದು. ನೆಲದಡಿಯ ಇತಿಹಾಸವನ್ನು ಕಾಪಾಡಿ.’ ತುಂಬಾ ಒಳ್ಳೆಯ ಮಾತು. ಕೈ ಮುಗಿಯಬೇಕು ಅನ್ನಿಸುತ್ತದೆ. ಬೋರ್ಡಿನ ಕಂಬ ನೆಟ್ಟಿರುವುದು ಮಾತ್ರ ಮೊನ್ನೆ ಮೊನ್ನೆ ಲಾರಿಯಲ್ಲಿ ಬಂದ ಭರ್ತಿ ಮಣ್ಣಿನಲ್ಲಿ. ಕಂಬದ ಗುಂಡಿ ತೋಡಿದಾಗ ಹೊರಬಂದ ಇತಿಹಾಸ ಇಷ್ಟು: ಅರ್ಧ ಇಟ್ಟಿಗೆ, ಬಾಗಿದ ಕಂಬಿ, ಎಡಗಾಲಿನ ಒಂದು ಪ್ಲಾಸ್ಟಿಕ್ ಚಪ್ಪಲಿ.

ಮೊದಲಿದ್ದ ಮಣ್ಣು ಎಲ್ಲಿ ಹೋಯಿತು ಅಂತ ಕೇಳಬಾರದು. ಜೆಸಿಬಿ ಬಂತು, ಕೆರೆಯಿತು, ಟಿಪ್ಪರಿಗೆ ತುಂಬಿತು. ಹಳೇ ಬೆಂಚುಗಳ ಕೆಳಗೆ ತಲೆಮಾರುಗಳ ಕಾಲ ಜನರ ಜೇಬಿನಿಂದ ಜಾರಿ ಬಿದ್ದ ಚಿಲ್ಲರೆ, ಉಂಗುರ, ಅಂಗಿಯ ಗುಂಡಿ ಎಲ್ಲವೂ ಅದರ ಜೊತೆಗೇ ಹೊರಟವು. ಈಗ ಯಾವುದೋ ಬೈಪಾಸ್ ರಸ್ತೆಯ ಏರಿಯೊಳಗೆ ತಣ್ಣಗೆ ಮಲಗಿರಬೇಕು. ಅಲ್ಲಿ ಬೋರ್ಡಿಲ್ಲ. ಬೋರ್ಡು ಇರುವಲ್ಲಿ ಇತಿಹಾಸ ಇಲ್ಲ. ಎರಡನ್ನೂ ಒಂದೇ ಕಡೆ ಇಡುವುದು ಅಪಾಯ ಅಂತ ಯಾರೋ ದೂರದೃಷ್ಟಿಯವರು ಯೋಚಿಸಿದ್ದಾರೆ.

ಇನ್ನು ಅಪರಾಧಿಯನ್ನು ನೋಡಿ, ನೆಲದಡಿಯ ಲೋಹದ ವಸ್ತು ಹುಡುಕುವ ಒಬ್ಬ ಹವ್ಯಾಸಿ. ಕಿವಿಗೆ ಹೆಡ್‌ಫೋನು, ಕೈಯಲ್ಲಿ ಉದ್ದನೆ ಕೋಲು, ಕೋಲಿನ ತುದಿಗೆ ಲೋಹ ಹುಡುಕುವ ತಟ್ಟೆಯಂಥ ಕಾಯಿಲ್, ಅಂದರೆ ತಂತಿಯ ಸುರುಳಿ. ಬೀಪ್ ಅಂದ ಕಡೆ ಮಂಡಿಯೂರುತ್ತಾನೆ. ಸಣ್ಣ ಕೈಗುದ್ದಲಿಯಿಂದ ಹುಲ್ಲನ್ನು ಮೂರು ಕಡೆ ಸೀಳುತ್ತಾನೆ, ನಾಲ್ಕನೇ ಕಡೆ ಹಾಗೇ ಬಿಟ್ಟು ಡಬ್ಬಿಯ ಮುಚ್ಚಳದ ಹಾಗೆ ಎತ್ತುತ್ತಾನೆ. ಮಣ್ಣನ್ನು ನೆಲಕ್ಕೆ ಚೆಲ್ಲುವುದಿಲ್ಲ, ಪಕ್ಕದಲ್ಲಿ ಹಾಸಿದ ಬಟ್ಟೆಯ ಮೇಲೆ ಸುರಿಯುತ್ತಾನೆ. ಬೆರಳಲ್ಲಿ ಕೆದಕಿ ನೋಡುತ್ತಾನೆ. ಸಿಕ್ಕಿದ್ದು ಬಾಟಲಿ ಮುಚ್ಚಳ. ಅದನ್ನು ಜೇಬಿಗೆ ಹಾಕಿ, ಮಣ್ಣು ವಾಪಸ್ ತುಂಬಿ, ಹುಲ್ಲು ಮುಚ್ಚಿ, ಕಾಲಿನಿಂದ ಒತ್ತುತ್ತಾನೆ. ಹತ್ತು ನಿಮಿಷ ಬಿಟ್ಟು ಅವನಿಗೇ ಆ ಜಾಗ ಗುರುತು ಸಿಗುವುದಿಲ್ಲ. ಅಷ್ಟರಲ್ಲಿ ಸೀಟಿ ಕೇಳುತ್ತದೆ. ಕಾವಲುಗಾರ ಓಡಿ ಬರುತ್ತಾನೆ. ಬರುವ ದಾರಿಯಲ್ಲಿ ಜೆಸಿಬಿಯ ಚಕ್ರ ಬಿದ್ದು ಆದ ಮೊಣಕಾಲುದ್ದದ ಹಳ್ಳವನ್ನು ಹಾರಿಕೊಂಡೇ ಬರುತ್ತಾನೆ, ಪಾಪ.

ಈ ಯಂತ್ರದ ಕತೆಯೇ ಒಂದು ತಮಾಷೆ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್‌ಗೆ ಗುಂಡು ಬಿತ್ತು. ಮೈಯೊಳಗೆ ಗುಂಡು ಎಲ್ಲಿದೆ ಅಂತ ಗೊತ್ತಾಗಲಿಲ್ಲ. ಟೆಲಿಫೋನಿನ ಗ್ರಹಾಂ ಬೆಲ್ ತನ್ನ ಲೋಹ ಹುಡುಕುವ ಉಪಕರಣ ಹೊತ್ತುಕೊಂಡು ಬಂದ. ನೋಡಿದರೆ ಎಲ್ಲಿಟ್ಟರೂ ಸದ್ದು! ಆಮೇಲೆ ತಿಳಿಯಿತು, ಹಾಸಿಗೆಯೊಳಗೇ ಉಕ್ಕಿನ ಸ್ಪ್ರಿಂಗುಗಳಿದ್ದವು. ಅದೂ ಹೋಗಲಿ. ಗುಂಡು ಬಲಗಡೆಯೇ ಇದೆ ಅಂತ ದೊಡ್ಡ ಡಾಕ್ಟರು ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದರು, ಬಲಗಡೆ ಮಾತ್ರ ಹುಡುಕು ಅಂದರು. ಗುಂಡು ಇದ್ದದ್ದು ಎಡಗಡೆ. ಆ ಸೆಪ್ಟೆಂಬರಿನಲ್ಲಿ ಅಧ್ಯಕ್ಷರು ತೀರಿಕೊಂಡರು. ಗುಂಡಿಗಿಂತ ಜಾಸ್ತಿ ಅವರನ್ನು ಕೊಂದದ್ದು ತೊಳೆಯದ ಬೆರಳುಗಳಿಂದ ಗಾಯ ಕೆದಕಿದ ಡಾಕ್ಟರುಗಳೇ ಅಂತ ಇವತ್ತಿಗೂ ಹೇಳುತ್ತಾರೆ. ಏನಿದೆ, ಎಲ್ಲಿದೆ ಅಂತ ಮೇಲಿನವರು ಮೊದಲೇ ನಿರ್ಧರಿಸಿದ ಮೇಲೆ ಯಂತ್ರ ಬೇಕಾದರೆ ಹಾಡಲಿ, ಅಲ್ವಾ?

ಭರ್ತಿ ಮಣ್ಣಿನ ಪಾರ್ಕಿನಲ್ಲೂ ಅದೇ ಸ್ಪ್ರಿಂಗ್ ಹಾಸಿಗೆಯ ಪಾಡು. ಹೆಜ್ಜೆಗೊಂದು ಮೊಳೆ, ಮೊಳಕ್ಕೊಂದು ತಗಡಿನ ಚೂರು. ಪಕ್ಕದಲ್ಲೇ ಒಂದು ಮೊಳೆ ಇದ್ದರೆ ಸಾಕು, ಹಳೇ ನಾಣ್ಯದ ದನಿ ಅದರಡಿ ಅಡಗಿಹೋಗುತ್ತದೆ. ಕದಡದ ನೆಲದಲ್ಲಿ ಒಂದು ಮರ್ಯಾದೆ ಇರುತ್ತದೆ: ಎರೆಹುಳುಗಳು ಮಣ್ಣನ್ನು ಮೇಲೆ ತಂದು ಹಾಕುತ್ತಾ ಹೋಗುತ್ತವೆ, ಬಿದ್ದ ವಸ್ತು ನಿಧಾನ ಕೆಳಗಿಳಿಯುತ್ತದೆ, ಸಾಮಾನ್ಯವಾಗಿ ಹಳತು ಕೆಳಗೆ, ಹೊಸತು ಮೇಲೆ. ಟಿಪ್ಪರಿಗೆ ಈ ಮರ್ಯಾದೆ ಗೊತ್ತಿಲ್ಲ. ಅಜ್ಜನ ಕಾಲದ ಪೈಸೆ ಮೇಲೆ, ಹೋದ ವಾರದ ಗುಟ್ಕಾ ಚೀಟಿ ಕೆಳಗೆ. ಇನ್ನು ಹಳೇ ನೆಲದ ಮೇಲೆ ಮೂರಡಿ ಮಣ್ಣು ಸುರಿದಿದ್ದರೆ ಮುಗಿಯಿತು. ಸಾಮಾನ್ಯ ಡಿಟೆಕ್ಟರಿಗೆ ನಾಣ್ಯ ಕೇಳಿಸುವುದು ಹೆಚ್ಚೆಂದರೆ ಒಂದು ಗೇಣು ಆಳದವರೆಗೆ. ಅಂದರೆ ನಿಜವಾದ ಇತಿಹಾಸಕ್ಕೆ ಆ ಮನುಷ್ಯನಿಂದ ಯಾವ ಅಪಾಯವೂ ಇಲ್ಲ. ಅವನು ಇಡೀ ದಿನ ಕಾಪಾಡುತ್ತಿರುವುದು ಮೊಳೆಗಳಿಂದ ನಮ್ಮ ಮಕ್ಕಳ ಪಾದಗಳನ್ನು. ದಂಡ ಅವನಿಗೇ.

ಹಾಗಂತ ಈ ಹವ್ಯಾಸಿಗಳೂ ಸಾಮಾನ್ಯರಲ್ಲ. ಹೊರಗಿನಿಂದ ತಂದ ಮಣ್ಣಿನಲ್ಲಿ ಒಂದು ಹಳೇ ನಾಣ್ಯ ಸಿಕ್ಕರೆ ಸಾಕು, ಇಲ್ಲಿ ಹಿಂದೆ ಸಂತೆ ನಡೆಯುತ್ತಿತ್ತು, ಕುದುರೆಗಳು ನಿಲ್ಲುತ್ತಿದ್ದವು ಅಂತ ಶುರು ಮಾಡುತ್ತಾರೆ. ಸ್ವಾಮಿ, ಕುದುರೆ ನಿಂತದ್ದು ಈ ಮಣ್ಣು ಬಂದ ಊರಿನಲ್ಲಿ!

ದೊಡ್ಡ ದೊಡ್ಡ ಪಾರ್ಕುಗಳ ಹಣೆಬರಹವೂ ಇಷ್ಟೇ. 1867ರಲ್ಲಿ ತೆರೆದ ಪ್ಯಾರಿಸ್ಸಿನ ಬ್ಯೂತ್ ಶೋಮೊ ಪಾರ್ಕಿನ ಜಾಗ ಮೊದಲು ಜಿಪ್ಸಮ್ ಗಣಿ ಮತ್ತು ಕಸದ ಗುಂಡಿ. ಲಂಡನ್ನಿನ ಬ್ಯಾಟರ್ಸಿ ಪಾರ್ಕಿನ ತಗ್ಗು ತುಂಬಿಸಿದ್ದು ಹಡಗುಕಟ್ಟೆ ತೋಡುವಾಗ ಬಂದ ಮಣ್ಣಿನಿಂದ. ಮ್ಯೂನಿಕ್ಕಿನಲ್ಲಿ 1972ರ ಒಲಿಂಪಿಕ್ಸ್ ನಡೆದ ಪಾರ್ಕಿನ ಹಸಿರು ಗುಡ್ಡ ಇದೆಯಲ್ಲ, ಅದು ಗುಡ್ಡವೇ ಅಲ್ಲ. ಎರಡನೇ ಮಹಾಯುದ್ಧದಲ್ಲಿ ಬಾಂಬು ಬಿದ್ದು ಕುಸಿದ ಮನೆಗಳ ರಾಶಿ. ಆ ಗುಡ್ಡದ ಬಗ್ಗೆ ನಾನು ತಮಾಷೆ ಮಾಡಲಾರೆ. ಅಲ್ಲಿ ಬೀಪ್ ಅಂದರೆ ಅದು ಯಾರದೋ ಬಾಗಿಲ ಚಿಲಕ ಇರಬಹುದು. ಅಂಥ ಕಡೆ ಅಗೆಯಬೇಡಿ ಅಂದರೆ ಅರ್ಥ ಆಗುತ್ತದೆ, ಒಪ್ಪುತ್ತೇನೆ.

ಒಪ್ಪಲಾಗದ್ದು ನಮ್ಮ ಪಾನೀಯದ ಡಬ್ಬಿಯ ಮುಚ್ಚಳದ ರಿಂಗಿಗೆ ಸಿಗುತ್ತಿರುವ ಗೌರವ. 1960ರ ದಶಕದಲ್ಲಿ ಕಿತ್ತೆಸೆಯುವ ರಿಂಗಿನ ಡಬ್ಬಿ ಬಂತು. ಕುಡಿದವರೆಲ್ಲ ಕಿತ್ತರು, ಎಸೆದರು. ಅಲ್ಯೂಮಿನಿಯಂ, ತುಕ್ಕು ಹಿಡಿಯುವುದಿಲ್ಲ. ಡಿಟೆಕ್ಟರಿನ ಕಿವಿಗೆ ಇದರ ದನಿಯೂ ಚಿನ್ನದ ಉಂಗುರದ ದನಿಯೂ ಹೆಚ್ಚುಕಮ್ಮಿ ಒಂದೇ. ಅಮೆರಿಕದ 1979ರ ಕಾಯ್ದೆಯಂತೆ ಫೆಡರಲ್ ಜಮೀನಿನಲ್ಲಿ ಪುರಾತತ್ವದ ವಸ್ತು ಅನ್ನಿಸಿಕೊಳ್ಳಲು ಕನಿಷ್ಠ 100 ವರ್ಷ ಆಗಿರಬೇಕು. ರಿಂಗು ಅರ್ಧ ದಾರಿ ದಾಟಿ ಬಂದಿದೆ. ಇನ್ನೊಂದಿಷ್ಟು ವರ್ಷ ಸುಮ್ನೆ ಬಿದ್ದಿದ್ದರೆ ಅದಕ್ಕೂ ಗಾಜಿನ ಪೆಟ್ಟಿಗೆ ಸಿಗಬಹುದು.

ನಗು ಸಾಕು. ಕದಡದ ನೆಲದಲ್ಲಿ ಯಾವ ವಸ್ತು ಎಲ್ಲಿ, ಯಾವುದರ ಪಕ್ಕ, ಎಷ್ಟು ಆಳದಲ್ಲಿತ್ತು ಅನ್ನುವುದೇ ಮುಖ್ಯ ಅಂತ ಪುರಾತತ್ವದವರು ಹೇಳುವುದು ಪೂರ್ತಿ ನಿಜ. ರಾತ್ರಿ ಕದ್ದು ಅಗೆಯುವ ಕಳ್ಳರೂ ಇದ್ದಾರೆ, ಅದೂ ನಿಜ. ಹಾಗಿದ್ದರೆ ಆ ಕಾಳಜಿ ಜೆಸಿಬಿ ಬಂದ ಬೆಳಿಗ್ಗೆ ಎಲ್ಲಿತ್ತು? ಒಂದೇ ದಿನದಲ್ಲಿ ಇಡೀ ಪಾರ್ಕಿನ ಪದರಗಳನ್ನು ಕಲಸಿ ಲಾರಿಗೆ ತುಂಬಿದರಲ್ಲ, ಆಗ ಯಾರೂ ಸೀಟಿ ಊದಲಿಲ್ಲ. ಎರಡು ದಿನ ಮೊದಲು ಹೇಳಿದ್ದರೆ ಈ ಹವ್ಯಾಸಿಗಳು ತಮ್ಮದೇ ಬ್ಯಾಟರಿ ಹಾಕಿಕೊಂಡು, ಪುಕ್ಕಟೆ, ಹಗ್ಗ ಕಟ್ಟಿ ಚೌಕ ಚೌಕವಾಗಿ ಹುಡುಕಿ, ಸಿಕ್ಕಿದ್ದನ್ನೆಲ್ಲ ನಕ್ಷೆಯ ಮೇಲೆ ಗುರುತು ಮಾಡಿ ಕೊಡುತ್ತಿದ್ದರು. ಯಾರೂ ಕೇಳಲಿಲ್ಲ. ಕೇಳುವುದೂ ಇಲ್ಲ. ಸುಸ್ತಾಗುತ್ತದೆ.

ಮಣ್ಣು ಸಾಗಿಸುವ ಲಾರಿಗೆ ತಾಡಪಾಲು ಹೊದಿಸಲೇಬೇಕು ಅಂತ ನಿಯಮ ಇದೆ, ದಾರಿಯಲ್ಲಿ ಧೂಳು ಹಾರಬಾರದಲ್ಲ. ಒಳಗೇನಿದೆ ಅಂತ ನೋಡಿ ಹೊದಿಸಬೇಕು ಅನ್ನುವ ನಿಯಮವನ್ನು ಬರೆಯಲು ಇನ್ನೂ ಯಾರಿಗೂ ಪುರುಸೊತ್ತಾಗಿಲ್ಲ.