ಸರ್ಟಿಫಿಕೇಟ್ ಫೈಲ್ ದಪ್ಪ ಇದ್ರ ಸೀಟು ಸಿಗೂದಿಲ್ರಿ

ಜೂನ್ ಬಂತೆಂದರೆ ಹುಬ್ಬಳ್ಳಿ-ಧಾರವಾಡದಲ್ಲಿ ಎರಡು ವ್ಯಾಪಾರ ಜೋರು. ಒಂದು ಛತ್ರಿಯದು, ಇನ್ನೊಂದು ಕ್ಲಾಸುಗಳದು. ಅಬಾಕಸ್, ರೊಬೊಟಿಕ್ಸ್, ಕೀಬೋರ್ಡ್, ಕರಾಟೆ, ಚೆಸ್. ಎಂಟನೇ ಇಯತ್ತೆಗೆ ಕಾಲಿಟ್ಟ ಮಗುವಿನ ಅಪ್ಪ-ಅವ್ವ ಕೇಳುವುದು ಒಂದೇ ಪ್ರಶ್ನೆ: "ಮುಂದ ಕಾಲೇಜ್ ಅಡ್ಮಿಷನ್ನಿಗೆ ಉಪಯೋಗ ಆಗೂವಂಥಾದ್ದು ಯಾವ್ದಕ್ಕ ಹಾಕೂಣ್ರಿ?"

ಯಾವ ಕಾಲೇಜು ಎಂಬುದು ಗೊತ್ತಾಗದೆ ಇದಕ್ಕೆ ಉತ್ತರವೇ ಇಲ್ಲ. ನಮ್ಮ ಕಡೆಯ ಬಹುಪಾಲು ಮಕ್ಕಳು ತಟ್ಟುವ ಬಾಗಿಲುಗಳು ಸರ್ಟಿಫಿಕೇಟ್ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ. ಸಿಇಟಿಯಲ್ಲಿ ಇಂಜಿನಿಯರಿಂಗ್ ರ‍್ಯಾಂಕ್ ಬೇಕೆಂದರೆ ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಕ್ಕೆ ಅರ್ಧ ತೂಕ, ಸಿಇಟಿ ಅಂಕಕ್ಕೆ ಇನ್ನರ್ಧ. ಮೆಡಿಕಲ್‌ಗೆ ನೀಟ್‌ನ 720ರಲ್ಲಿ ಎಷ್ಟು ಬಂತು ಅಷ್ಟೇ. ಐಐಟಿ ಧಾರವಾಡ ಊರ ಪಕ್ಕದ ಚಿಕ್ಕಮಲ್ಲಿಗವಾಡದಲ್ಲಿದ್ದರೂ ಒಳಗೆ ಹೋಗಲು ಜೆಇಇ ಅಡ್ವಾನ್ಸ್ಡ್ ರ‍್ಯಾಂಕೇ ಬೇಕು. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಂಥ ಕಡೆ ಕಾನೂನು ಓದಲು ಕ್ಲಾಟ್ ಎಂಬ ಪ್ರವೇಶ ಪರೀಕ್ಷೆ. ಇಲ್ಲೆಲ್ಲ ಮಗುವಿನ ಭರತನಾಟ್ಯಕ್ಕೆ ಅರ್ಧ ಅಂಕವೂ ಇಲ್ಲ. ಮಗು ಈ ದಾರಿಯಲ್ಲೇ ಹೋಗುವುದೆಂದು ನಿಮಗೆ ಖಾತ್ರಿ ಇದ್ದರೆ ಅಡ್ಮಿಷನ್ ಚಿಂತೆ ಬಿಡಿ, ಸಂಜೆ ಒಂದು ತಾಸು ಮೈದಾನದಲ್ಲಿ ಕಬಡ್ಡಿ ಆಡಲಿ. ಅದಕ್ಕೆ ಸರ್ಟಿಫಿಕೇಟ್ ಬೇಕಿಲ್ಲ.

ಇನ್ನು ಸರ್ಟಿಫಿಕೇಟ್ ನೋಡುವ ಸಣ್ಣ ಕಿಟಕಿಗಳ ವಿಷಯ. ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ವಿಶೇಷ ಪ್ರವರ್ಗದಲ್ಲಿ ಎನ್‌ಸಿಸಿ, ಕ್ರೀಡೆ, ಸ್ಕೌಟ್ಸ್-ಗೈಡ್ಸ್ ಎಂದು ಕೆಲವೇ ಸೀಟುಗಳಿವೆ. ಎನ್‌ಸಿಸಿ 'ಎ' ಸರ್ಟಿಫಿಕೇಟ್ ಇದ್ದರೆ ಸೀಟು ಗ್ಯಾರಂಟಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಯಾವ ಮಟ್ಟದ ಕ್ಯಾಂಪ್, ಯಾವ ಹಂತದ ಪಂದ್ಯ ಎಂಬುದರ ಮೇಲೆ ಅಲ್ಲಿ ಪೈಪೋಟಿ ನಡೆಯುತ್ತದೆ. ಸ್ಕೌಟ್ಸ್‌ನಲ್ಲಿ ಪ್ರಥಮ, ದ್ವಿತೀಯ, ತೃತೀಯ ಸೋಪಾನ ದಾಟಿ ರಾಜ್ಯ ಪುರಸ್ಕಾರ, ಆಮೇಲೆ ರಾಷ್ಟ್ರಪತಿ ಪುರಸ್ಕಾರ. ಒಂದೊಂದು ಮೆಟ್ಟಿಲಿಗೂ ತಿಂಗಳುಗಟ್ಟಲೆ ಬೇಕು. ಹತ್ತನೇ ಇಯತ್ತೆಯಲ್ಲಿ ಸಮವಸ್ತ್ರ ಹೊಲಿಸಿದವರು ಅರ್ಧ ದಾರಿಯಲ್ಲೇ ಉಳಿಯುತ್ತಾರೆ.

ಐಐಟಿ ಮದ್ರಾಸ್ 2024-25ರಿಂದ ಕ್ರೀಡಾಪಟುಗಳಿಗೆ, 2025-26ರಿಂದ ಲಲಿತಕಲೆಯವರಿಗೆ ಪ್ರತ್ಯೇಕ ಸೀಟು ಇಟ್ಟಿದೆ, ಒಂದೊಂದು ಕೋರ್ಸಿಗೆ ಎರಡು. ಆದರೆ ಜೆಇಇ ಅಡ್ವಾನ್ಸ್ಡ್ ರ‍್ಯಾಂಕ್ ಪಟ್ಟಿಯಲ್ಲಿ ಹೆಸರು ಇರಲೇಬೇಕು. ಕ್ರೀಡೆಯಲ್ಲಿ ಹಿಂದಿನ ನಾಲ್ಕು ವರ್ಷದೊಳಗೆ ರಾಷ್ಟ್ರೀಯ ಅಥವಾ ಅಂತರರಾಷ್ಟ್ರೀಯ ಪದಕವೂ ಬೇಕು. ತಾಲ್ಲೂಕು ಮಟ್ಟದ ಕಪ್ ಇಲ್ಲಿ ಲೆಕ್ಕಕ್ಕಿಲ್ಲ. ಸಂಗೀತ, ನೃತ್ಯದ ಮಕ್ಕಳಿಗೆ ಕೇಂದ್ರ ಸಂಸ್ಕೃತಿ ಸಚಿವಾಲಯದಡಿಯ ಸಂಸ್ಥೆಯಾದ ಸಿಸಿಆರ್‌ಟಿ ಶಿಷ್ಯವೇತನ ಇದೆ, ಅದಕ್ಕೆ ವಯಸ್ಸು 10ರಿಂದ 14. ಎಸ್ಸೆಸ್ಸೆಲ್ಸಿ ಮುಗಿಸಿ ಆರಾಮಾಗಿ ವಿಚಾರಿಸಿದರೆ ಗಾಡಿ ಹೋಗಿರುತ್ತದೆ. ಗದಗ, ಹುಬ್ಬಳ್ಳಿ, ಧಾರವಾಡದಷ್ಟು ಹಿಂದೂಸ್ತಾನಿ ಗುರುಗಳು ಬೇರೆಲ್ಲಿ ಸಿಗುತ್ತಾರೆ ಹೇಳಿ? ಆದರೂ ಈ ವಯಸ್ಸಿನ ಮಿತಿ ಗೊತ್ತಿರುವ ಪಾಲಕರು ಕಡಿಮೆ.

ನಮ್ಮ ಭಾಗದವರು ಕಡೆಗಣಿಸುವ ಇನ್ನೊಂದು ಕಿಟಕಿ ಕೃಷಿಕರ ಕೋಟಾ. ಬಿಎಸ್ಸಿ ಕೃಷಿಯಂಥ ಕೋರ್ಸುಗಳಿಗೆ ಈ ಕೋಟಾದಲ್ಲಿ ಅರ್ಜಿ ಹಾಕಿದವರಿಗೆ ಪ್ರಾಯೋಗಿಕ ಪರೀಕ್ಷೆ ಇದೆ. ಬೀಜ, ಗೊಬ್ಬರ, ಕಳೆ, ಉಪಕರಣ ಎದುರಿಗಿಟ್ಟು ಗುರುತಿಸಿ ಎನ್ನುತ್ತಾರೆ. ಇಲ್ಲಿ ಹೊಲದ ಕೆಲಸವೇ ಅಂಕ! ನರಗುಂದದಲ್ಲಿ ಹತ್ತು ಎಕರೆ ಎರಿ ಹೊಲ ಇದ್ದೂ ಮಗ ಹುಬ್ಬಳ್ಳಿಯ ಹಾಸ್ಟೆಲ್‌ನಲ್ಲಿ ಬೆಳೆದರೆ ಕುಂಟೆ ಯಾವುದು, ಎಡೆಕುಂಟೆ ಯಾವುದು ಎಂದು ತಡವರಿಸುತ್ತಾನೆ. ಕುಸುಬಿ, ಅಗಸಿ, ಗುರೆಳ್ಳು, ನವಣಿ, ಸಜ್ಜಿ, ಹುರಳಿ, ಹೀಗೆ ನಲವತ್ತು ಬಗೆಯ ಬೀಜವನ್ನು ಸಣ್ಣ ಬಾಟಲಿಗಳಿಗೆ ತುಂಬಿ, ಹೆಸರಿನ ಚೀಟಿಯನ್ನು ತಳಕ್ಕೆ ಅಂಟಿಸಿ. ಮೇಲಿನಿಂದ ನೋಡಿ ಹೆಸರು ಹೇಳಿ, ಆಮೇಲೆ ಬಾಟಲಿ ಎತ್ತಿ ತಾಳೆ ನೋಡಿ. ಬೇಸಿಗೆ ರಜೆಯ ಕೋಡಿಂಗ್ ಕ್ಯಾಂಪಿಗಿಂತ ಇದು ಎಷ್ಟೋ ಪಾಲು ಲಾಭದ ಕೆಲಸ.

ಪೂರ್ತಿ ತೆರೆದ ಬಾಗಿಲುಗಳೂ ಇವೆ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಲಿಖಿತ ಪರೀಕ್ಷೆಯ ಜೊತೆ ಸಂದರ್ಶನವಿದೆ, ಹರಿಯಾಣದ ಅಶೋಕ ವಿಶ್ವವಿದ್ಯಾಲಯದಲ್ಲೂ ಹಾಗೇ. ಅಮೆರಿಕದ ಕಾಲೇಜುಗಳಂತೂ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ಪಾಠದ ಹೊರಗೆ ಏನು ಮಾಡಿದಿರಿ ಎಂದು ಬಿಡಿಸಿ ಕೇಳುತ್ತವೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ ವಿದೇಶಿ ಮಕ್ಕಳಿಗೂ ಮನೆಯ ಆದಾಯ ನೋಡದೆ ಸೀಟು ಕೊಟ್ಟು, ಆಮೇಲೆ ಕುಟುಂಬಕ್ಕೆ ಎಷ್ಟು ಸಾಲದೋ ಅಷ್ಟನ್ನು ತಾವೇ ತುಂಬುತ್ತವೆ. ಹಾಗಾಗಿ ಇದು ಶ್ರೀಮಂತರ ಮಾತು ಎಂದು ತಳ್ಳಿಹಾಕಬೇಡಿ. ಸೀಟು ಸಿಗುವುದು ಮಾತ್ರ ಬಲು ಕಷ್ಟ, ಅದೂ ಗೊತ್ತಿರಲಿ.

ಅಮೆರಿಕದ ಬಹಳಷ್ಟು ಕಾಲೇಜುಗಳಿಗೆ ಕಾಮನ್ ಆ್ಯಪ್ ಎಂಬ ಒಂದೇ ಅರ್ಜಿ ಸಾಕು. ಅದರಲ್ಲಿ ಚಟುವಟಿಕೆಗೆ ಇರುವುದು 10 ಸಾಲು. ಒಂದೊಂದಕ್ಕೂ ವಿವರಣೆ 150 ಅಕ್ಷರದೊಳಗೆ, ನಡುವಿನ ಖಾಲಿ ಜಾಗವೂ ಸೇರಿ. ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಎಂದೂ ಬರೆಯಬೇಕು. ಎಂಐಟಿ ಇನ್ನೂ ಬಿಗಿ, ಅದರ ಸ್ವಂತ ಅರ್ಜಿಯಲ್ಲಿ ನಾಲ್ಕೇ ಚಟುವಟಿಕೆ. ಮೂವತ್ತು ಸರ್ಟಿಫಿಕೇಟ್ ಇದ್ದವನಿಗೆ ಅವುಗಳನ್ನು ಇಡಲು ಅಲ್ಲಿ ಜಾಗವೇ ಇಲ್ಲ. ಇನ್ನೊಂದು ಮಾತು, ಕಾಮನ್ ಆ್ಯಪ್‌ನ ಪಟ್ಟಿಯಲ್ಲಿ ಮನೆಯ ಜವಾಬ್ದಾರಿ, ಸಂಬಳದ ಕೆಲಸ ಎಂಬ ವಿಭಾಗಗಳೂ ಇವೆ. ಬೆಳಿಗ್ಗೆ ಎರಡು ಎಮ್ಮೆ ಹಿಂಡಿ ಹಾಲು ಹಾಕಿ ಶಾಲೆಗೆ ಹೋಗುವ ಹುಡುಗಿ, ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಅಪ್ಪನ ಮೆಣಸಿನಕಾಯಿ ಲೆಕ್ಕ ಬರೆಯುವ ಹುಡುಗ ನಾಚಿಕೆಪಟ್ಟು ಇದನ್ನು ಬಿಟ್ಟುಬಿಡುತ್ತಾರೆ. ಬಿಡಬಾರದು. ಆ ಪಟ್ಟಿಯಲ್ಲಿ ಅದಕ್ಕೆ ಡಿಬೇಟ್ ಕ್ಲಬ್ಬಿನಷ್ಟೇ ಜಾಗವಿದೆ.

ಹಾಗಾದರೆ ಏನು ಆರಿಸಬೇಕು? ಮನೆಯಿಂದ ಸೈಕಲ್ ದೂರದಲ್ಲಿ ಮೂರು ವರ್ಷ ಎಡೆಬಿಡದೆ ಮಾಡಬಹುದಾದ, ಕೊನೆಗೆ ಕೈಯಲ್ಲಿ ಒಂದು ನೋಟ್‌ಬುಕ್ ಉಳಿಸುವ ಒಂದೇ ಒಂದು ಕೆಲಸ. ನನ್ನ ಸಲಹೆ ಇಷ್ಟೇ, ಉಳಿದದ್ದು ಉದಾಹರಣೆ.

ಮಳೆ ಅಳೆಯುವುದನ್ನೇ ತಗೊಳ್ಳಿ. ನೂರು ರೂಪಾಯಿ ಸಾಕು. ಬಾಯಿ ಅಗಲ ಸರಿಯಾಗಿ 10 ಸೆಂ.ಮೀ. ಇರುವ ಪ್ಲಾಸ್ಟಿಕ್ ಲಾಳಿಕೆ, ಒಂದು ಲೀಟರ್ ಬಾಟಲಿ, ಮೆಡಿಕಲ್ ಅಂಗಡಿಯ ಸೂಜಿ ಇಲ್ಲದ ಸಿರಿಂಜು. ಲಾಳಿಕೆಯ ಬಾಯಿಯ ವಿಸ್ತೀರ್ಣ 78.5 ಚದರ ಸೆಂ.ಮೀ., ಅಂದರೆ 1 ಮಿ.ಮೀ. ಮಳೆಗೆ ಬಾಟಲಿಯಲ್ಲಿ 7.85 ಮಿ.ಲೀ. ನೀರು. ನೂರು ಮಿ.ಲೀ. ಸಿಕ್ಕಿದರೆ 12.7 ಮಿ.ಮೀ. ಮಳೆ. ಬಾಯಿಯ ಅಳತೆಯಲ್ಲಿ ಅರ್ಧ ಸೆಂ.ಮೀ. ತಪ್ಪಿದರೆ ಉತ್ತರ ಶೇ. 10ರಷ್ಟು ತಪ್ಪುತ್ತದೆ, ಆದ್ದರಿಂದ ಅಂಗಡಿಯವನ ಮಾತು ನಂಬದೆ ಪಟ್ಟಿ ಇಟ್ಟು ಅಳೆಯಿರಿ. ಅರ್ಧ ಲೀಟರ್ ಬಾಟಲಿ ಸುಮಾರು 64 ಮಿ.ಮೀ.ಗೇ ತುಂಬಿ ಚೆಲ್ಲುತ್ತದೆ, ಜೋರು ಮಳೆಯ ರಾತ್ರಿಯ ಲೆಕ್ಕ ಕೈತಪ್ಪುತ್ತದೆ. ಗೋಡೆ, ಮರ ಎಷ್ಟು ಎತ್ತರವೋ ಅದರ ಎರಡು ಪಟ್ಟು ದೂರದಲ್ಲಿಡಿ. ನೆಲದಿಂದ ಒಂದು ಅಡಿ ಮೇಲಿರಲಿ, ಇಲ್ಲದಿದ್ದರೆ ನೆಲಕ್ಕೆ ಬಿದ್ದು ಸಿಡಿದ ಹನಿಯೂ ಒಳಗೆ ಸೇರುತ್ತದೆ. ಹವಾಮಾನ ಇಲಾಖೆ ಅಳೆಯುವುದು ಬೆಳಿಗ್ಗೆ 8.30ಕ್ಕೆ. ನೀವೂ ಅದೇ ಹೊತ್ತಿಗೆ ಅಳೆಯಿರಿ.

ಮಕ್ಕಳು ಎಡವುವುದು ಅಳತೆಯಲ್ಲಿ ಅಲ್ಲ, ಬರವಣಿಗೆಯಲ್ಲಿ. ಮಳೆ ಇಲ್ಲದ ದಿನ 0 ಎಂದು ಬರೆಯಬೇಕು. ಅಳೆಯಲು ಮರೆತ ದಿನ ಖಾಲಿ ಬಿಡಬೇಕು. ಈ ಎರಡನ್ನೂ ಒಂದು ಮಾಡಿದರೆ ಇಡೀ ಹಂಗಾಮಿನ ಲೆಕ್ಕ ಕೆಟ್ಟಂತೆ. ಪೆನ್ಸಿಲ್ ಬೇಡ, ಪೆನ್ನಿನಲ್ಲಿ ಬರೆಯಲಿ. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ತಿದ್ದಲಿ.

ಇಷ್ಟೇ ಮಾಡಿದರೆ ಇದು ಹವ್ಯಾಸ. ಅದರಿಂದ ಒಂದು ಪ್ರಶ್ನೆ ಹುಟ್ಟಿದಾಗ ಅರ್ಜಿಯಲ್ಲಿ ಬೆಲೆ. ಪಂಚಾಯಿತಿ ಮಟ್ಟದಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕಗಳಿವೆ. ಅದರ ಅಂಕಿಗೂ ನಿಮ್ಮ ಹೊಲದ ಅಂಕಿಗೂ ಎಷ್ಟು ಅಂತರ? ಯಾವ ತಿಂಗಳಲ್ಲಿ ಅಂತರ ಹೆಚ್ಚು? ಊರಿನ ಹಿರಿಯರು ತಾರೀಖು ಹೇಳುವುದಿಲ್ಲ, "ಮೃಗಶಿರಾ ಹೂಡಿತು, ಆರಿದ್ರಾ ಕೈಕೊಟ್ಟಿತು" ಎನ್ನುತ್ತಾರೆ. ದಿನದ ಅಂಕಿಗಳನ್ನು ನಕ್ಷತ್ರದ ಲೆಕ್ಕಕ್ಕೆ, ಅಂದರೆ ಹದಿಮೂರು-ಹದಿನಾಲ್ಕು ದಿನದ ಕಂತುಗಳಿಗೆ ಕೂಡಿಸಿ ನೋಡಿ. ಮುಂಗಾರಿಗೆ ಹೆಸರು ಬಿತ್ತಿದ ದಿನ, ಹಿಂಗಾರಿಗೆ ಕಡಲೆ, ಬಿಳಿಜೋಳ ಬಿತ್ತಿದ ದಿನ ಪಕ್ಕದಲ್ಲಿ ಬರೆಯಿರಿ. ಮೂರು ಹಂಗಾಮು ಮುಗಿಯುವ ಹೊತ್ತಿಗೆ ಒಳ್ಳೆಯ ಪ್ರಬಂಧದ ಸರಕು ತಾನಾಗಿ ಕೂಡಿರುತ್ತದೆ. ಕಾಮನ್ ಆ್ಯಪ್‌ನ ಪ್ರಬಂಧಕ್ಕೆ ಮಿತಿ 650 ಪದ.

ಶಿರಹಟ್ಟಿ ಕಡೆಯ ಮಕ್ಕಳಿಗೆ ಮಾಗಡಿ ಕೆರೆ ಇದೆ. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುವ ಈ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಎಣಿಸುವುದಾದರೆ ಅದೇ ಜಾಗ, ಅದೇ ವಾರ, ಅದೇ ಹೊತ್ತು. ಬಾತುಗಳು ಹೊಲಕ್ಕೆ ಮೇಯಲು ಹೋಗುತ್ತವೆ, ಹೀಗಾಗಿ ಒಂದು ವಾರ ಮುಂಜಾನೆ, ಇನ್ನೊಂದು ವಾರ ಮಧ್ಯಾಹ್ನ ಎಣಿಸಿದರೆ ಆ ಎರಡು ಸಂಖ್ಯೆಗಳನ್ನು ಹೋಲಿಸಲಾಗದು. ದೊಡ್ಡ ಹಿಂಡಿನಲ್ಲಿ ಹತ್ತನ್ನು ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿಯಿತು ಎಂದು ಕಣ್ಣಳತೆ ಮಾಡಿ, ಹಿಂಡಿನಲ್ಲಿ ಅಂಥ ತುಂಡುಗಳೆಷ್ಟು ಎಂದು ಎಣಿಸಬೇಕು. ಹಕ್ಕಿಗಳ ಎಣಿಕೆ ದಾಖಲಿಸುವ ಜಾಲತಾಣ ಇ-ಬರ್ಡ್‌ಗೆ ಹಾಕಿದರೆ ತಾರೀಖು ಸಮೇತ ದಾಖಲೆ ಉಳಿಯುತ್ತದೆ. ಗುರುತು ಸಿಗದ ಹಕ್ಕಿಗೆ ಊಹೆಯ ಹೆಸರು ಕೊಡಬೇಡಿ.

ಡಿಸೈನ್ ಕಡೆ ಒಲವಿದ್ದರೆ ಧಾರವಾಡದ ಕಸೂತಿಗಿಂತ ಹತ್ತಿರದ್ದು ಯಾವುದು? ಗವಂತಿ, ಮುರ್ಗಿ, ನೇಗಿ, ಮೆಂತೆ ಎಂದು ನಾಲ್ಕು ಹೊಲಿಗೆ. ಗವಂತಿಯಲ್ಲಿ ಗಂಟು ಹಾಕುವಂತಿಲ್ಲ, ಮುಂದೆ-ಹಿಂದೆ ಒಂದೇ ಥರ ಕಾಣಬೇಕು. ದಾರ ಹೋದ ದಾರಿಯಲ್ಲೇ ತಿರುಗಿ ಬರಲು ಮೊದಲೇ ಲೆಕ್ಕ ಹಾಕಿರಬೇಕು. ಅಜ್ಜಿಯ ಇಳಕಲ್ ಸೀರೆಯ ಗೋಪುರ, ತೇರು, ಆನೆಯನ್ನು ಗ್ರಾಫ್ ಹಾಳೆಗೆ ಇಳಿಸಿ, ಪ್ರತಿ ಎಳೆ ಎಣಿಸಿ. ಡಿಸೈನ್ ಕಲಿಸುವ ಸರ್ಕಾರಿ ಸಂಸ್ಥೆಗಳಾದ ನಿಫ್ಟ್, ಎನ್‌ಐಡಿ ಪರೀಕ್ಷೆಯಲ್ಲಿ ಕಸೂತಿ ಸರ್ಟಿಫಿಕೇಟಿಗೆ ಅಂಕ ಇಲ್ಲ. ಆದರೆ ನಿಫ್ಟ್‌ನ ಸಿಚುಯೇಷನ್ ಟೆಸ್ಟ್‌ನಲ್ಲಿ ಕೊಟ್ಟ ಸಾಮಾನಿನಿಂದ ಮಾದರಿ ಮಾಡುವಾಗ ಪಳಗಿದ ಕೈ ನೆರವಿಗೆ ಬರುತ್ತದೆ.

ಗಣಿತದ ಹುಚ್ಚಿದ್ದವರಿಗೆ ದೇಶದ ಗಣಿತ ಒಲಿಂಪಿಯಾಡ್‌ನ ಮೊದಲ ಹಂತವಾದ ಐಒಕ್ಯೂಎಂ: ಮೂರು ಗಂಟೆ, 30 ಪ್ರಶ್ನೆ, 100 ಅಂಕ. ಗೆದ್ದರೆ ಪ್ರಾದೇಶಿಕ ಹಂತದ ಆರ್‌ಎಂಒ, ಆಮೇಲೆ ರಾಷ್ಟ್ರ ಹಂತದ ಐಎನ್‌ಎಂಒ. ಖಾಸಗಿ ಕಂಪನಿಗಳು ಶಾಲೆಯಲ್ಲೇ ನಡೆಸಿ ಅರ್ಧ ಕ್ಲಾಸಿಗೆ ಚಿನ್ನದ ಮೆಡಲ್ ಹಂಚುವ 'ಅಂತರರಾಷ್ಟ್ರೀಯ ಒಲಿಂಪಿಯಾಡ್'ಗಳಿಗೂ ಇದಕ್ಕೂ ಹೆಸರೊಂದೇ ಸಮ. ಸ್ವಂತ ಉಪಕರಣದ ಐಡಿಯಾ ಇದ್ದರೆ ಶಾಲೆಯ ಮೂಲಕ ಕೇಂದ್ರ ಸರ್ಕಾರದ ಯೋಜನೆಯಾದ ಇನ್‌ಸ್ಪೈರ್ ಮಾನಕ್‌ಗೆ ಕಳಿಸಿ, ಆಯ್ಕೆಯಾದರೆ ಮಾದರಿ ಮಾಡಲು 10,000 ರೂಪಾಯಿ ಬರುತ್ತದೆ. ಯೂಟ್ಯೂಬ್ ನೋಡಿ ಮಾಡಿದ ಹೈಡ್ರಾಲಿಕ್ ಜೆಸಿಬಿ ಕಳಿಸಬೇಡಿ, ಅದನ್ನು ನೋಡದ ತೀರ್ಪುಗಾರರೇ ಇರಲಿಕ್ಕಿಲ್ಲ.

ದುಡ್ಡು ಹಾಳಾಗುವ ಜಾಗಗಳನ್ನೂ ಹೇಳಬೇಕು. ಲಕ್ಷಗಟ್ಟಲೆ ಶುಲ್ಕದ ವಿದೇಶಿ ಸಮ್ಮರ್ ಸ್ಕೂಲ್‌ಗಳು ದೊಡ್ಡ ವಿಶ್ವವಿದ್ಯಾಲಯದ ಆವರಣದಲ್ಲಿ ನಡೆದ ಮಾತ್ರಕ್ಕೆ ಅಲ್ಲಿ ಸೀಟು ಹತ್ತಿರವಾಗುವುದಿಲ್ಲ. ಅಪ್ಪನ ದುಡ್ಡಿನಲ್ಲಿ ಕಾಗದದ ಮೇಲೆ ಹುಟ್ಟಿದ ಎನ್‌ಜಿಒ, ಅದಕ್ಕೆ ಹನ್ನೊಂದನೇ ತರಗತಿಯ 'ಸಂಸ್ಥಾಪಕ ಅಧ್ಯಕ್ಷ': ಇಂಥವನ್ನು ಓದಿ ಓದಿ ಪ್ರವೇಶಾಧಿಕಾರಿಗಳ ಕಣ್ಣು ಪಳಗಿರುತ್ತದೆ. ಗಂಟೆಗಳ ಲೆಕ್ಕವನ್ನೂ ಅವರು ಕೂಡಿಸುತ್ತಾರೆ. ಶಾಲೆ, ಟ್ಯೂಷನ್, ಊಟ, ನಿದ್ದೆ ಕಳೆದು ವಾರಕ್ಕೆ ಹದಿನೈದು ಗಂಟೆ ಉಳಿಯುವ ಮಗು ನಲವತ್ತು ಗಂಟೆ ಬರೆದರೆ ಸುಳ್ಳು ಅಲ್ಲೇ ಬಯಲು. ಮಳೆ ಅಳೆಯುವವನ ಪ್ರಾಮಾಣಿಕ ಲೆಕ್ಕ ವಾರಕ್ಕೆ 2 ಗಂಟೆ, ವರ್ಷಕ್ಕೆ 22 ವಾರ. ಅಷ್ಟೇ ಬರೆಯಲಿ. ವಿವರಣೆಯಲ್ಲಿ "ಪರಿಸರದ ಬಗ್ಗೆ ಅಪಾರ ಕಾಳಜಿ" ಬೇಡ. "3 ಮಳೆಗಾಲ ದಿನವೂ ಮಳೆ ಅಳತೆ, ಪಂಚಾಯಿತಿ ಮಾಪಕದೊಂದಿಗೆ ಹೋಲಿಕೆ, ಬಿತ್ತನೆ ದಿನಗಳ ದಾಖಲೆ" ಎಂದರೆ ಸಾಕು.

ಸಮಯದ ಹೊಂದಾಣಿಕೆ ನಿಜಕ್ಕೂ ತೊಡಕಿನದು. ಎಂಟು, ಒಂಬತ್ತನೇ ಇಯತ್ತೆಯಲ್ಲಿ ಬೇರು ಬಿಟ್ಟ ಕೆಲಸ ಎಸ್ಸೆಸ್ಸೆಲ್ಸಿಯಲ್ಲಿ ತೆಳ್ಳಗಾಗುತ್ತದೆ, ಅದು ಸಹಜ. ಪೂರ್ತಿ ನಿಲ್ಲುವುದು ಪಿಯುಸಿಯಲ್ಲಿ. ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಕೂರಿಸುವ ಇಂಟಿಗ್ರೇಟೆಡ್ ಹಾಸ್ಟೆಲ್‌ಗೆ ಸೇರಿಸಿ, ಜೊತೆಗೆ ವಿದೇಶಿ ಅರ್ಜಿಯ ಕನಸೂ ಇದ್ದರೆ ಎರಡರಲ್ಲಿ ಒಂದನ್ನು ಬಿಡಬೇಕಾದೀತು. ಅಮೆರಿಕದ ಅರ್ಜಿಗಳ ಗಡುವು ಹೆಚ್ಚಾಗಿ ನವೆಂಬರ್ 1 ಇಲ್ಲವೇ ಜನವರಿ 1ರ ಸುಮಾರಿಗೆ, ಅಂದರೆ ದ್ವಿತೀಯ ಪಿಯುಸಿಯ ಸಿಲಬಸ್ ಓಟದ ನಟ್ಟನಡುವೆ. ಸೇರಿಸುವ ಮುನ್ನವೇ ಕಾಲೇಜಿನವರನ್ನು ಕೇಳಿ: ಭಾನುವಾರ ಎರಡು ಗಂಟೆ ಹೊರಗೆ ಬಿಡುತ್ತೀರಾ? ಶಿಫಾರಸು ಪತ್ರವನ್ನು ಇಂಗ್ಲಿಷಿನಲ್ಲಿ ಬರೆಯುವ ಉಪನ್ಯಾಸಕರು ಇದ್ದಾರಾ? ಇಂಥ ಪತ್ರ ಯಾವತ್ತೂ ಬರೆಯದವರಾದರೆ ಮಗು ಏನು ಮಾಡಿದೆ ಎಂಬ ಒಂದು ಪುಟದ ಟಿಪ್ಪಣಿಯನ್ನು ಎರಡು ತಿಂಗಳು ಮೊದಲೇ ಕೊಡಿ.

ಕಡೆಗೆ ಕಾಗದಪತ್ರ. ಕ್ರೀಡೆ, ಎನ್‌ಸಿಸಿ, ಸಂಗೀತ ಪರೀಕ್ಷೆ ಯಾವುದೇ ಇರಲಿ, ಸರ್ಟಿಫಿಕೇಟ್ ಕೈಗೆ ಬಂದ ದಿನವೇ ಹೆಸರು, ಇನಿಷಿಯಲ್, ಹುಟ್ಟಿದ ದಿನಾಂಕ ಶಾಲೆಯ ದಾಖಲೆಗೆ ತಾಳೆಯಾಗುತ್ತದೆಯೇ ನೋಡಿ. ಶಾಲೆಯಲ್ಲಿ 'ಬಸವರಾಜ ಎಸ್. ಪಾಟೀಲ', ಪಂದ್ಯದ ಸರ್ಟಿಫಿಕೇಟಿನಲ್ಲಿ 'ಬಸು ಪಾಟೀಲ' ಎಂದಿದ್ದರೆ ತಿದ್ದಿಸಲು ಕೊಟ್ಟವರ ಹತ್ತಿರವೇ ಹೋಗಬೇಕು. ನಾಲ್ಕು ವರ್ಷ ಬಿಟ್ಟು ಹೋದರೆ ಆ ಕಾರ್ಯದರ್ಶಿ ಬದಲಾಗಿರುತ್ತಾರೆ, ರಜಿಸ್ಟರ್ ಸಿಗುವುದಿಲ್ಲ. ಸ್ಕ್ಯಾನ್ ಮಾಡಿ ಇಮೇಲ್‌ನಲ್ಲಿಡಿ, ಮೂಲ ಪ್ರತಿಗೆ ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ. ಹಿಂದೆ ಸೀಲು, ಸಹಿ ಹಾಕಿಸಬೇಕಾಗಿ ಬಂದರೆ ಪ್ಲಾಸ್ಟಿಕ್ ಮೇಲೆ ಮಸಿ ನಿಲ್ಲುವುದಿಲ್ಲ.